ತಾಜಮಹಲಿನಾಚೆಯ ಆಗ್ರಾ: ಕವಿವರ ಬನಾರಸೀದಾಸರು ಮತ್ತು ಅವರ ಮಿತ್ರಮಂಡಳಿ

ಸಮ್ಮೇದ ಶಿಖರ್ಜಿಯ ಯಾತ್ರೆಗೆಂದು ಉತ್ತರಕ್ಕೆ ಹೊರಡುವ ಕರ್ನಾಟಕದ ಶ್ರಾವಕ ಕುಟುಂಬಗಳ ಪ್ರಯಾಣ ಕಾರ್ಯಕ್ರಮದಲ್ಲಿ ಆಗ್ರಾ ನಗರಕ್ಕೆ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ ಮೀಸಲಾಗಿರುವುದುಂಟು. ಮಥುರೆಯ ಚೌರಾಸಿಯಲ್ಲಿ ಜಂಬೂಸ್ವಾಮಿಗಳ ದರ್ಶನ ಮುಗಿಸಿದ ಬಸ್ಸು ಆಗ್ರಾಕ್ಕೆ ಬರುತ್ತದೆ. ತಾಜಮಹಲು, ಕೆಂಪುಕಲ್ಲಿನ ಕೋಟೆ, ಹೊತ್ತು ಉಳಿದರೆ ಫತೇಪುರ ಸಿಕ್ರಿ. ಆಮೇಲೆ ಬೂದುಗುಂಬಳದ ಪೇಠಾ ಕಟ್ಟಿಸಿಕೊಂಡು ಮುಂದಿನ ಊರು. ಯಾತ್ರಿಕರ ನೆನಪಿನಲ್ಲಿ ಆಗ್ರಾ ಎಂದರೆ ಒಂದು ಬಿಳಿಯ ಗುಮ್ಮಟ ಮತ್ತು ಅದರ ಮುಂದೆ ನಿಂತು ತೆಗೆಸಿಕೊಂಡ ಒಂದು ಭಾವಚಿತ್ರ ಮಾತ್ರ.

ಇದರಲ್ಲಿ ದೋಷವೇನೂ ಇಲ್ಲ. ತಾಜಮಹಲು ನೋಡತಕ್ಕದ್ದೇ. 1983ರಲ್ಲಿ ಅದನ್ನೂ ಆಗ್ರಾದ ಕೋಟೆಯನ್ನೂ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದು ಯುಕ್ತವೇ ಆಗಿದೆ. ಆದರೆ 1632ರ ವೇಳೆಗೆ ಆ ಸಮಾಧಿಯ ಕೆಲಸ ಯಮುನೆಯ ದಂಡೆಯಲ್ಲಿ ಆರಂಭವಾಗಿ ಗೋಡೆಗಳು ಏಳುತ್ತಿದ್ದ ವರ್ಷಗಳಲ್ಲೇ, ಅದೇ ನಗರದ ಒಂದು ಜಿನಮಂದಿರದಲ್ಲಿ ಕೆಲವು ಮಂದಿ ವ್ಯಾಪಾರಿಗಳು ಕುಳಿತು ಒಂದು ಗ್ರಂಥದ ವ್ಯಾಖ್ಯಾನ ಕೇಳುತ್ತಿದ್ದರು. ಆ ಗ್ರಂಥ ಹುಟ್ಟಿದ್ದು ಆಗ್ರಾದಿಂದ ಬಹುದೂರದ ದಕ್ಷಿಣದಲ್ಲಿ, ಗಂಗ ಮಂತ್ರಿ ಚಾವುಂಡರಾಯನ ಆಶ್ರಯದಲ್ಲಿ. ತಮ್ಮ ನಾಡಿನಿಂದಲೇ ಹೊರಟ ಶಾಸ್ತ್ರವೊಂದು ಉತ್ತರದ ಶ್ರಾವಕರ ಬದುಕನ್ನು ತಿದ್ದಿದ ಸ್ಥಳವನ್ನು ಕನ್ನಡ ನಾಡಿನ ಯಾತ್ರಿಕರು ಅರಿಯದೆಯೇ ದಾಟಿ ಹೋಗುತ್ತಿದ್ದಾರೆ. ಈ ಆಗ್ರಾವನ್ನು ತೋರಿಸುವುದು ಕಟ್ಟಡವಲ್ಲ, ಒಂದು ಪುಸ್ತಕ. ಮತ್ತು ಆ ಪುಸ್ತಕದಲ್ಲಿ ಬರುವ ಮಿತ್ರರು.

ಶ್ರಾವಕರ ಆಗ್ರಾ

ಲೋದಿ ಸುಲ್ತಾನರ ಕಾಲದಲ್ಲಿ, ಹದಿನಾರನೆಯ ಶತಮಾನದ ಆದಿಯಲ್ಲಿ ರಾಜಧಾನಿಯಾದ ಆಗ್ರಾ, ಅಕ್ಬರನ ಆಳ್ವಿಕೆಯಲ್ಲಿ ದೊಡ್ಡ ವಾಣಿಜ್ಯ ಕೇಂದ್ರವಾಗಿ ಬೆಳೆಯಿತು. 1565ರಲ್ಲಿ ಕೋಟೆಯ ನಿರ್ಮಾಣ ಮೊದಲಾಯಿತು. ಆಸ್ಥಾನ ಇದ್ದಲ್ಲಿ ರತ್ನಪಡಿ ವ್ಯಾಪಾರಿಗಳೂ ಲೇವಾದೇವಿಗಾರರೂ ಬಟ್ಟೆಯ ವರ್ತಕರೂ ಬಂದು ನೆಲೆಸುವುದು ಸಹಜ. ಓಸವಾಲ, ಶ್ರೀಮಾಲ, ಅಗ್ರವಾಲ ಕುಲಗಳ ಜೈನ ಮನೆತನಗಳು ಹೀಗೆ ಆಗ್ರಾದಲ್ಲಿ ಬೇರುಬಿಟ್ಟವು.

ಅಕ್ಬರನ ಆಹ್ವಾನದ ಮೇರೆಗೆ ಶ್ವೇತಾಂಬರ ಆಚಾರ್ಯ ಹೀರವಿಜಯಸೂರಿಗಳು ಗುಜರಾತಿನಿಂದ ಕಾಲ್ನಡಿಗೆಯಲ್ಲಿ ಹೊರಟು 1583ರಲ್ಲಿ ಫತೇಪುರ ಸಿಕ್ರಿಗೆ ದಯಮಾಡಿಸಿದರು. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸುವ ಅರಸನ ಆಜ್ಞೆಗೆ ಅವರ ಉಪದೇಶವೇ ಕಾರಣವಾಯಿತು. ಜಹಾಂಗೀರನ ಕಾಲದಲ್ಲಿ, 1610ರಲ್ಲಿ ಇಂತಹುದೇ ಆಜ್ಞೆ ಮತ್ತೆ ಹೊರಟಿತು. ಆಗ ಆಗ್ರಾದ ಸಂಘವು ಸೌರಾಷ್ಟ್ರದಲ್ಲಿದ್ದ ವಿಜಯಸೇನಸೂರಿಗಳಿಗೆ ಒಂದು ವಿಜ್ಞಪ್ತಿಪತ್ರವನ್ನು ಕಳುಹಿಸಿತು. ಆಸ್ಥಾನದ ಚಿತ್ರಕಾರ ಉಸ್ತಾದ್ ಶಾಲಿವಾಹನನು ಚಿತ್ರಿಸಿದ ಆ ಉದ್ದನೆಯ ಸುರುಳಿ ಇಂದಿಗೂ ಅಹಮದಾಬಾದಿನಲ್ಲಿ ಉಳಿದಿದೆ. ಸಿಂಹಾಸನದ ಮೇಲಿನ ಜಹಾಂಗೀರ, ಆಜ್ಞೆಯನ್ನು ಸ್ವೀಕರಿಸುವ ಮುನಿಗಳು, ಪ್ರವಚನ ಕೇಳುವ ಶ್ರಾವಕ ಶ್ರಾವಿಕೆಯರು ಅದರಲ್ಲಿ ಕಾಣುತ್ತಾರೆ. ಆ ಕಾಲದ ಆಗ್ರಾದ ಜೈನ ಸಮಾಜ ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ದೊರೆಯುವುದು ಕಷ್ಟ.

ಆ ಪತ್ರ ಹೊರಟ 1610ನೆಯ ಇಸವಿಯಲ್ಲೇ, ಅಂದರೆ ವಿಕ್ರಮ ಸಂವತ್ 1667ರಲ್ಲಿ, ಜೌನಪುರದ ಒಬ್ಬ ತರುಣ ವ್ಯಾಪಾರಿ ತನ್ನ ತಂದೆಯ ಸರಕನ್ನು ಗಾಡಿಯ ಮೇಲೆ ಹೇರಿಕೊಂಡು ಮೊದಲ ಬಾರಿಗೆ ವ್ಯಾಪಾರಕ್ಕೆಂದು ಆಗ್ರಾಕ್ಕೆ ಬಂದನು. ಸಂಘದ ಪತ್ರವು ಶ್ರೀಮಂತರ ಸಂಭ್ರಮವನ್ನು ಹೇಳುತ್ತದೆ. ಈ ತರುಣನು ಮುಂದೆ ಬರೆದ ಪುಸ್ತಕವು ಓಣಿಯ ಬದುಕನ್ನು ಹೇಳುತ್ತದೆ.

ಅರ್ಧಕಥಾನಕ

ಬನಾರಸೀದಾಸರು ಹುಟ್ಟಿದ್ದು ವಿಕ್ರಮ ಸಂವತ್ 1643ರಲ್ಲಿ (1586-87) ಜೌನಪುರದಲ್ಲಿ. ಶ್ರೀಮಾಲ ಕುಲದ, ಶ್ವೇತಾಂಬರ ಖರತರಗಚ್ಛಕ್ಕೆ ನಡೆದುಕೊಳ್ಳುವ ಮನೆತನ. ತಂದೆ ಖಡಗಸೇನರು ರತ್ನವ್ಯಾಪಾರಿಗಳು. ಬಾಲ್ಯದಲ್ಲಿ ಪಂಡಿತ ದೇವದತ್ತರಲ್ಲಿಯೂ ಮುನಿ ಭಾನುಚಂದ್ರರಲ್ಲಿಯೂ ವಿದ್ಯಾಭ್ಯಾಸವಾಯಿತು. ಯೌವನದ ಹುಮ್ಮಸ್ಸಿನಲ್ಲಿ ಸಾವಿರ ಪದ್ಯಗಳ ಶೃಂಗಾರ ಪ್ರಧಾನ ಕೃತಿಯೊಂದನ್ನು ರಚಿಸಿ, ಅದರಲ್ಲಿರುವುದೆಲ್ಲ ಸುಳ್ಳೆಂದು ತೋರಿದಾಗ, ಮಿತ್ರರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತಿದ್ದಂತೆಯೇ ಹಸ್ತಪ್ರತಿಯನ್ನು ಹೊಳೆಗೆ ಎಸೆದುಬಿಟ್ಟರು. ಇದು 1605ರ ಸುಮಾರಿನ ಸಂಗತಿ. ಅದೇ ವರ್ಷ ಅಕ್ಬರನು ತೀರಿಕೊಂಡ ಸುದ್ದಿ ಬಂದಾಗ ಜೌನಪುರದ ಅಂಗಡಿಗಳು ಮುಚ್ಚಿದ್ದನ್ನೂ, ಹಣವುಳ್ಳವರು ಒಡವೆ ಬಟ್ಟೆಗಳನ್ನು ನೆಲದಲ್ಲಿ ಹೂತದ್ದನ್ನೂ, ಮೆಟ್ಟಿಲ ಮೇಲೆ ಕುಳಿತಿದ್ದ ತಾವು ಸುದ್ದಿ ಕೇಳಿ ಉರುಳಿಬಿದ್ದು ತಲೆಗೆ ಗಾಯ ಮಾಡಿಕೊಂಡದ್ದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಈ ಸಂಗತಿಗಳೆಲ್ಲ ತಿಳಿದುಬರುವುದು ಅವರ ‘ಅರ್ಧಕಥಾನಕ’ದಿಂದ. ಮನುಷ್ಯನ ಪೂರ್ಣಾಯುಷ್ಯವನ್ನು ನೂರಹತ್ತು ವರ್ಷಗಳೆಂದು ಎಣಿಸಿ, ತಮ್ಮ ಐವತ್ತೈದು ವರ್ಷಗಳ ಕಥೆಯನ್ನು ಅರ್ಧ ಕಥೆ ಎಂದು ಅವರು ಕರೆದರು. 675 ಪದ್ಯಗಳ ಈ ಕೃತಿ 1641ರಲ್ಲಿ ಆಗ್ರಾದಲ್ಲಿಯೇ ಮುಗಿಯಿತು. ಭಾರತೀಯ ಭಾಷೆಗಳಲ್ಲಿ ಒಬ್ಬ ಸಾಮಾನ್ಯ ಗೃಹಸ್ಥ ತನ್ನ ಜೀವನವನ್ನು ತಾನೇ ಬರೆದ ಮೊದಲ ಗ್ರಂಥಗಳಲ್ಲಿ ಇದನ್ನು ವಿದ್ವಾಂಸರು ಎಣಿಸುತ್ತಾರೆ. ನಾಥೂರಾಮ ಪ್ರೇಮಿಯವರು 1943ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಬಂದ ಮೇಲೆ ಹೊರಗಿನ ಇತಿಹಾಸಕಾರರ ಗಮನವೂ ಇದರತ್ತ ಹರಿಯಿತು.

ಗಮನಿಸಬೇಕಾದ ಒಂದು ಅಂಶವಿದೆ. ಈ ಗ್ರಂಥ ಮುಗಿಯುವ ಹೊತ್ತಿಗೆ ತಾಜಮಹಲಿನ ಕೆಲಸ ನಡೆದು ಒಂಬತ್ತು ವರ್ಷಗಳಾಗಿದ್ದವು. ಆದರೂ ಅರ್ಧಕಥಾನಕದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಬನಾರಸೀದಾಸರಿಗೆ ಆಗ್ರಾ ಎಂದರೆ ಯಾರ ಮನೆಯಲ್ಲಿ ಇಳಿದೆವು, ಯಾರು ಸಾಲ ಕೊಟ್ಟರು, ಯಾರು ಪುಸ್ತಕ ಕೊಟ್ಟರು, ಯಾರೊಡನೆ ಕುಳಿತು ಓದಿದೆವು ಎಂಬುದು. ಊರಿನಲ್ಲಿ ಬಾಳಿದವನ ನೋಟಕ್ಕೂ ಊರನ್ನು ನೋಡಲು ಬಂದವನ ನೋಟಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ.

ಹದಿನಾಲ್ಕು ರೂಪಾಯಿಯ ಲೆಕ್ಕ

ಆಗ್ರಾದ ಆ ಮೊದಲ ವ್ಯಾಪಾರ ಸಂಪೂರ್ಣ ನಷ್ಟದಲ್ಲಿ ಮುಗಿಯಿತು. ತಂದೆ ಕೊಟ್ಟದ್ದು ಕೆಲವು ರತ್ನಗಳು, ಇಪ್ಪತ್ತು ಮಣ ತುಪ್ಪ, ಎರಡು ಕುಪ್ಪೆ ಎಣ್ಣೆ ಮತ್ತು ಬಟ್ಟೆ. ಎಲ್ಲ ಸೇರಿ ಸುಮಾರು ಇನ್ನೂರು ರೂಪಾಯಿಯ ಸರಕು. ಇಟಾವಾದ ಬಳಿ ರಾತ್ರಿ ಜಡಿಮಳೆ ಹಿಡಿದು, ಸರಾಯಿಯಲ್ಲಿ ಜಾಗ ಸಿಗದೆ, ಕೊನೆಗೆ ಕಾವಲುಗಾರರ ಗುಡಿಸಲಿನಲ್ಲಿ ಆಶ್ರಯ ಪಡೆಯಬೇಕಾಯಿತು. ಆಗ್ರಾದಲ್ಲಿ ಅವರು ಇಳಿದದ್ದು ಮೋತೀ ಕಟರಾದಲ್ಲಿದ್ದ ಬಂಧು ಬಂದೀದಾಸರ ಮನೆಯಲ್ಲಿ. ಮಾರುಕಟ್ಟೆಯ ಮರ್ಮ ತಿಳಿಯದ ತರುಣನಿಗೆ ತುಪ್ಪ, ಎಣ್ಣೆ, ಬಟ್ಟೆಯಲ್ಲಿ ಲಾಭ ಬರಲಿಲ್ಲ. ಇಜಾರದ ಲಾಡಿಯಲ್ಲಿ ಗಂಟು ಹಾಕಿದ್ದ ರತ್ನಗಳು ಎಲ್ಲಿಯೋ ಬಿದ್ದುಹೋದವು. ಇನ್ನು ಕೆಲವನ್ನು ಇಲಿಗಳು ಎಳೆದೊಯ್ದವು. ಮೇಲೆ ಜ್ವರ ಬೇರೆ. ಮನೆಯಲ್ಲಿದ್ದ ವಸ್ತುಗಳನ್ನು ಒಂದೊಂದಾಗಿ ಮಾರಿ ತಿನ್ನುವ ಸ್ಥಿತಿ ಬಂತು.

ಆ ದಿನಗಳಲ್ಲಿ ಅವರು ಸಂಜೆ ಮನೆಯಲ್ಲೇ ಕುಳಿತು ಮಧುಮಾಲತಿ, ಮೃಗಾವತಿ ಎಂಬ ಕಥಾಕಾವ್ಯಗಳನ್ನು ಹಾಡುತ್ತಿದ್ದರು. ಹತ್ತಿಪ್ಪತ್ತು ಮಂದಿ ಕೇಳಲು ಬರುತ್ತಿದ್ದರು. ಅವರಲ್ಲಿ ಒಬ್ಬ ಕಚೋರಿ ಮಾರುವವನೂ ಇದ್ದನು. ಬನಾರಸೀದಾಸರು ದಿನವೂ ಅವನ ಅಂಗಡಿಯಲ್ಲಿ ಸಾಲಕ್ಕೆ ಕಚೋರಿ ತಿನ್ನುತ್ತಿದ್ದರು. ಒಂದು ದಿನ ಅವನನ್ನು ಏಕಾಂತದಲ್ಲಿ ಕರೆದು, ತಮ್ಮ ಬಳಿ ಏನೂ ಉಳಿದಿಲ್ಲ, ಸಾಲ ಬೆಳೆಯುತ್ತಿದೆ, ಇನ್ನು ಮೇಲೆ ಕೊಡಬೇಡ ಎಂದು ತಿಳಿಸಿದರು. ಕಚೋರಿಯವನು, ಇಪ್ಪತ್ತು ರೂಪಾಯಿ ಆಗುವವರೆಗೂ ತಿನ್ನಿರಿ, ಯಾರೂ ಏನೂ ಹೇಳುವುದಿಲ್ಲ, ಎಲ್ಲಿಗೆ ಬೇಕಾದರೂ ಹೋಗಿರಿ ಎಂಬ ಅರ್ಥದ ಮಾತನ್ನಾಡಿದನು. ಹೀಗೆ ಆರೇಳು ತಿಂಗಳು ಕಳೆದವು. ಮುಂದೆ ಒಬ್ಬ ಬಂಧುವಿನ ಆಶ್ರಯ ದೊರೆತು, ಧರ್ಮದಾಸನೆಂಬುವನೊಡನೆ ಐನೂರು ರೂಪಾಯಿ ಬಂಡವಾಳದ ಪಾಲುಗಾರಿಕೆ ಕೂಡಿಬಂದಾಗ, ಅವರು ಕಚೋರಿಯವನ ಲೆಕ್ಕವನ್ನು ತೀರಿಸಿದರು. ಒಟ್ಟು ಬಾಕಿ ಹದಿನಾಲ್ಕು ರೂಪಾಯಿ.

ಇಡೀ ಅರ್ಧಕಥಾನಕದಲ್ಲಿ ವ್ಯಾಪಾರಿಗಳು ಹೆಚ್ಚು ನೆನಪಿಡಬೇಕಾದ ಪ್ರಸಂಗ ಇದು. ಇಲ್ಲಿ ಇಬ್ಬರ ನೀತಿಯೂ ಪರೀಕ್ಷೆಗೆ ಒಳಗಾಯಿತು. ಸಾಲಗಾರನು ತನ್ನ ದಿವಾಳಿತನವನ್ನು ತಾನಾಗಿ ಮೊದಲೇ ಹೇಳಿದನು, ಬಚ್ಚಿಡಲಿಲ್ಲ. ಸಾಲ ಕೊಟ್ಟವನು ಆ ಸತ್ಯವನ್ನೇ ಅಡಮಾನವೆಂದು ಎಣಿಸಿದನು. ಪತ್ರವಿಲ್ಲ, ಜಾಮೀನಿಲ್ಲ, ಬಡ್ಡಿಯ ಮಾತಿಲ್ಲ. ಆಚಾರ್ಯರು ಶ್ರಾವಕನಿಗೆ ವಿಧಿಸಿದ ಸತ್ಯಾಣುವ್ರತ ಮತ್ತು ಅಚೌರ್ಯಾಣುವ್ರತಗಳು ಪೇಟೆಯ ಬೀದಿಯಲ್ಲಿ ಹೇಗೆ ಕಾಣುತ್ತವೆ ಎಂದು ಯಾರಾದರೂ ಕೇಳಿದರೆ ಈ ಪ್ರಸಂಗವನ್ನು ತೋರಿಸಬಹುದು. ಕಚೋರಿಯವನು ಯಾವ ಮತದವನೆಂದು ಗ್ರಂಥ ಹೇಳುವುದಿಲ್ಲ. ಅವನ ಹೆಸರೂ ಅದರಲ್ಲಿಲ್ಲ. ಬಾಕಿಯ ಮೊತ್ತ ಮಾತ್ರ ನಾಲ್ಕು ಶತಮಾನಗಳಾದರೂ ಉಳಿದಿದೆ.

ಸಾಹುಕಾರರ ಹವೇಲಿ, ಮಿತ್ರರ ಮನೆ

ಆಗ್ರಾದ ಇನ್ನೊಂದು ಮುಖವನ್ನೂ ಬನಾರಸೀದಾಸರು ಕಂಡರು. ಮಿತ್ರ ನರೋತ್ತಮದಾಸನೊಡನೆ ನಡೆಸಿದ ವ್ಯಾಪಾರದ ಲೆಕ್ಕವನ್ನು ಚುಕ್ತಾ ಮಾಡಿಸಿಕೊಳ್ಳಲು ಅವರು ಸಬಲಸಿಂಹ ಮೋಠಿಯಾ ಎಂಬ ದೊಡ್ಡ ಸಾಹುಕಾರನ ಹವೇಲಿಗೆ ದಿನವೂ ಅಲೆದರು. ಅಲ್ಲಿ ಯಾವಾಗಲೂ ಸಂಗೀತದ ಕೂಟ, ಹೊಗಳುವವರ ಗುಂಪು, ದಾನ ದತ್ತಿಯ ಗಲಾಟೆ. ಸಾಹುಕಾರನಿಗೆ ದಿನ ಹುಟ್ಟಿದ್ದೂ ತಿಳಿಯದು, ಮುಳುಗಿದ್ದೂ ತಿಳಿಯದು. ಲೆಕ್ಕದ ಮಾತೆತ್ತಿದರೆ ನಾಳೆ ಎಂಬ ಉತ್ತರ. ಹೀಗೆ ತಿಂಗಳುಗಳೇ ಕಳೆದು, ಕೊನೆಗೆ ಮಧ್ಯಸ್ಥರೊಬ್ಬರ ನೆರವಿನಿಂದ ಲೆಕ್ಕ ಮುಗಿಯಿತು. ಕಚೋರಿಯ ಅಂಗಡಿಯ ಔದಾರ್ಯವನ್ನೂ ಹವೇಲಿಯ ಉದಾಸೀನವನ್ನೂ ಒಂದೇ ಪುಸ್ತಕದಲ್ಲಿ ಓದಿದವರಿಗೆ ನಗರದ ದೊಡ್ಡಸ್ತಿಕೆಯನ್ನು ಕಟ್ಟಡದ ಎತ್ತರದಿಂದ ಅಳೆಯಬಾರದೆಂಬುದು ತಾನಾಗಿ ಮನವರಿಕೆಯಾಗುತ್ತದೆ.

ನರೋತ್ತಮದಾಸ ಅವರಿಗೆ ಪ್ರಾಣಮಿತ್ರ. ಒಮ್ಮೆ ಪ್ರಯಾಣದಲ್ಲಿ ದಾರಿ ತಪ್ಪಿ ಕಳ್ಳರ ಹಳ್ಳಿಗೇ ಹೋಗಿ ಸೇರಿದಾಗ ಬನಾರಸೀದಾಸರು ಸಂಸ್ಕೃತ ಶ್ಲೋಕವೊಂದನ್ನು ಹೇಳಿ ಹರಸಿದರು. ಕಳ್ಳರ ನಾಯಕ ಇವರನ್ನು ಬ್ರಾಹ್ಮಣರೆಂದು ತಿಳಿದನು. ರಾತ್ರಿ ಬಟ್ಟೆಯ ನೂಲನ್ನು ತೆಗೆದು ಜನಿವಾರ ಹೊಸೆದು ಹಾಕಿಕೊಂಡರು. ಬೆಳಿಗ್ಗೆ ಆ ನಾಯಕನೇ ದಾರಿ ತೋರಿಸಿ ಕಳುಹಿಸಿದನು. ಪ್ರಾಣ ಉಳಿಸಿಕೊಳ್ಳಲು ಹೂಡಿದ ಈ ಸುಳ್ಳನ್ನು ಬನಾರಸೀದಾಸರು ಜಾಣತನವೆಂದು ಮೆರೆಸಿಕೊಂಡಿಲ್ಲ, ಅಡಗಿಸಿಯೂ ಇಟ್ಟಿಲ್ಲ. ನಡೆದದ್ದನ್ನು ನಡೆದಂತೆ ದಾಖಲಿಸಿದ್ದಾರೆ. ಮುಂದೆ ನರೋತ್ತಮದಾಸನ ಮರಣವಾರ್ತೆ ಬಂದಾಗ ಅವರು ಪಟ್ಟ ದುಃಖ ಗ್ರಂಥದ ಮನಮುಟ್ಟುವ ಭಾಗಗಳಲ್ಲೊಂದು.

ವಿಕ್ರಮ ಸಂವತ್ 1673ರ ಹೊತ್ತಿಗೆ (1616-17) ಆಗ್ರಾದಲ್ಲಿ ಗಡ್ಡೆಯ ರೋಗ, ಅಂದರೆ ಪ್ಲೇಗು ಹರಡಿತು. ಗಡ್ಡೆ ಎದ್ದೊಡನೆ ಜನ ಸಾಯುತ್ತಿದ್ದರೆಂದೂ, ಇಲಿಗಳು ಸತ್ತವೆಂದೂ, ವೈದ್ಯರೂ ಸತ್ತರೆಂದೂ, ಜನರು ಅನ್ನ ತಿನ್ನಲು ಹೆದರುತ್ತಿದ್ದರೆಂದೂ ಅವರು ಬರೆದಿದ್ದಾರೆ. ಇಲಿಗಳಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರ ಸ್ಥಾಪಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಒಬ್ಬ ವ್ಯಾಪಾರಿಯ ಸರಳ ಕಣ್ಣೋಟ ಇತಿಹಾಸಕ್ಕೆ ಎಷ್ಟು ಉಪಕಾರಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಬೆಳಗೊಳದ ಶಾಸ್ತ್ರ, ಆಗ್ರಾದ ಶ್ರೋತೃಗಳು

ಬನಾರಸೀದಾಸರ ಜೀವನದ ಮುಖ್ಯ ತಿರುವು ಆಗ್ರಾದ ಮಿತ್ರಗೋಷ್ಠಿಯಲ್ಲಿಯೇ ಬಂತು. ವಿಕ್ರಮ ಸಂವತ್ 1680ರಲ್ಲಿ (1623) ಅರ್ಥಮಲ್ಲ ಢೋರ ಎಂಬ ಅಧ್ಯಾತ್ಮಪ್ರೇಮಿ ಶ್ರಾವಕರು ಅವರ ಕೈಗೆ ಸಮಯಸಾರದ ಬಾಲಬೋಧ ಟೀಕೆಯನ್ನಿತ್ತರು. ಮೂಲ ಗಾಥೆಗಳು ಕುಂದಕುಂದಾಚಾರ್ಯರವು. ಅವರ ಹೆಸರಿಗೆ ಕಾರಣವಾದ ಕೊಂಡಕುಂದೆ ಇಂದಿನ ಆಂಧ್ರದ ಅನಂತಪುರ ಸೀಮೆಯ, ಕರ್ನಾಟಕದ ಗಡಿಗೆ ದೂರವಲ್ಲದ ಹಳ್ಳಿ. ಅದಕ್ಕೆ ಅಮೃತಚಂದ್ರಸೂರಿಗಳು ಸಂಸ್ಕೃತದಲ್ಲಿ ಕಲಶ ಶ್ಲೋಕಗಳನ್ನು ರಚಿಸಿದ್ದರು. ಪಾಂಡೆ ರಾಜಮಲ್ಲರು ಅವನ್ನು ಆಡುಮಾತಿನಲ್ಲಿ ವಿವರಿಸಿದ್ದರು.

ಗ್ರಂಥ ದೊರೆಯಿತು, ಗುರು ದೊರೆಯಲಿಲ್ಲ. ಆತ್ಮನು ಶುದ್ಧನೇ ಆಗಿದ್ದಾನೆಂಬ ನಿಶ್ಚಯನಯದ ಮಾತನ್ನು ಹಿಡಿದು ಬನಾರಸೀದಾಸರು ವ್ಯವಹಾರವನ್ನು ಪೂರ್ಣವಾಗಿ ಕೈಬಿಟ್ಟರು. ಜಪ, ಸಾಮಾಯಿಕ, ಪ್ರತಿಕ್ರಮಣಗಳೆಲ್ಲ ನಿಂತವು. ಚಂದ್ರಭಾನ, ಉದಯಕರಣ, ಥಾನಮಲ್ಲ ಎಂಬ ಮೂವರು ಮಿತ್ರರೊಡನೆ ಸೇರಿ ದೇವರಿಗೆ ಅರ್ಪಿಸಿದ ನೈವೇದ್ಯವನ್ನು ತಿನ್ನುವುದು, ಕೋಣೆಯೊಳಗೆ ಬತ್ತಲಾಗಿ ನಿಂತು ತಾವು ಮುನಿಗಳೆಂದು ಆಡುವುದು ಮೊದಲಾಯಿತು. ಊರಿನ ಜನ ಅವರಿಗೆ ಅಡ್ಡಹೆಸರಿಟ್ಟರು. ಈ ಅವಸ್ಥೆ ಹನ್ನೆರಡು ವರ್ಷಗಳ ಕಾಲ ನಡೆಯಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆಚರಣೆಯಿಲ್ಲದ ಜ್ಞಾನ ಎಷ್ಟು ಬೇಗ ವಿಕಾರವಾಗುತ್ತದೆ, ಮಿತ್ರರೇ ಪರಸ್ಪರರನ್ನು ಹೇಗೆ ದಾರಿ ತಪ್ಪಿಸಬಲ್ಲರು ಎಂಬುದನ್ನು ತಿಳಿಸುವ ಇಂತಹ ಪ್ರಾಮಾಣಿಕ ಒಪ್ಪಿಗೆ ಜೈನ ಸಾಹಿತ್ಯದಲ್ಲಿ ವಿರಳ.

ವಿಕ್ರಮ ಸಂವತ್ 1692ರಲ್ಲಿ (1635) ಪಂಡಿತ ರೂಪಚಂದ ಪಾಂಡೆಯವರು ಆಗ್ರಾಕ್ಕೆ ಬಂದು ತಿಹುನಾ ಸಾಹು ಕಟ್ಟಿಸಿದ ಜಿನಮಂದಿರದಲ್ಲಿ ಇಳಿದುಕೊಂಡರು. ಅಧ್ಯಾತ್ಮಿಗಳೆಂದು ಕರೆಸಿಕೊಳ್ಳುತ್ತಿದ್ದ ಶ್ರಾವಕರೆಲ್ಲ ಕೂಡಿ ಅವರಿಂದ ಗೊಮ್ಮಟಸಾರವನ್ನು ಓದಿಸಿ ಕೇಳಿದರು. ಗುಣಸ್ಥಾನಗಳು ಹದಿನಾಲ್ಕು, ಜೀವನು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೋ ಆ ಮೆಟ್ಟಿಲಿಗೆ ತಕ್ಕ ಕ್ರಿಯೆ ಅವನಿಗೆ ವಿಹಿತ, ಮೇಲಿನ ಮೆಟ್ಟಿಲಿನ ಮಾತನ್ನಾಡಿ ಕೆಳಗಿನ ಮೆಟ್ಟಿಲಿನ ಕರ್ತವ್ಯವನ್ನು ಬಿಡುವುದು ಸಲ್ಲದು. ಈ ವಿವರಣೆಯನ್ನು ಕೇಳಿದೊಡನೆ ಬನಾರಸೀದಾಸರ ಸಂಶಯ ಹರಿಯಿತು. ನಿಶ್ಚಯ, ವ್ಯವಹಾರ ಎರಡೂ ಸ್ಯಾದ್ವಾದದಲ್ಲಿ ಹೊಂದಿಕೊಂಡವು. ಮರುವರ್ಷವೇ, 1636ರಲ್ಲಿ, ಅವರ ಪ್ರಸಿದ್ಧ ‘ಸಮಯಸಾರ ನಾಟಕ’ ಮುಗಿಯಿತು. ರೂಪಚಂದ, ಚತುರ್ಭುಜ, ಭಗವತೀದಾಸ, ಕುಂವರಪಾಲ, ಧರ್ಮದಾಸ ಎಂಬ ಐವರು ಕೂಡಿ ಧರ್ಮಚರ್ಚೆ ನಡೆಸುತ್ತಿದ್ದುದನ್ನು ಆ ಗ್ರಂಥದಲ್ಲಿ ಅವರು ಸ್ಮರಿಸಿದ್ದಾರೆ. ಹುಟ್ಟಿನಿಂದ ಶ್ವೇತಾಂಬರರಾದವರು ದಿಗಂಬರ ಆಚಾರ್ಯರ ಶಾಸ್ತ್ರವನ್ನು ಓದಿ, ಆಡುಮಾತಿನಲ್ಲಿ ಎಲ್ಲರಿಗೂ ತಲುಪುವಂತೆ ಬರೆದರು. ಈ ಗೋಷ್ಠಿಯನ್ನು ಮೆಚ್ಚದ ವಿದ್ವಾಂಸರೂ ಇದ್ದರು. ಆದರೆ ಉತ್ತರ ಭಾರತದ ಊರೂರುಗಳಲ್ಲಿ ಗೃಹಸ್ಥರು ಕೂಡಿ ಶಾಸ್ತ್ರವನ್ನು ಓದುವ ಪದ್ಧತಿಗೆ ಇದರಿಂದ ಬಂದ ಬಲವನ್ನು ಯಾರೂ ಅಲ್ಲಗಳೆಯಲಾರರು. ಮುಂದೆ ದ್ಯಾನತರಾಯರೂ, 1732ರಲ್ಲಿ ಪಾರ್ಶ್ವಪುರಾಣವನ್ನು ರಚಿಸಿದ ಭೂಧರದಾಸರೂ ಇದೇ ಆಗ್ರಾದವರು.

ಕರ್ನಾಟಕದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೊಮ್ಮಟಸಾರವನ್ನು ರಚಿಸಿದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ರಚಿಸಿದ್ದು ಗೊಮ್ಮಟನೆಂಬ ಹೆಸರೂ ಉಳ್ಳ ಚಾವುಂಡರಾಯನ ಪ್ರಾರ್ಥನೆಯ ಮೇರೆಗೆ. ವಿಂಧ್ಯಗಿರಿಯ ಮೇಲೆ 981ರ ಸುಮಾರಿಗೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನೂ ಈ ಚಾವುಂಡರಾಯನೇ. ಗೊಮ್ಮಟಸಾರಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ಟೀಕೆ ಬರೆದರು. ಆ ಕನ್ನಡ ಟೀಕೆಯನ್ನು ಆಧರಿಸಿಯೇ ಮುಂದೆ ಸಂಸ್ಕೃತ ಟೀಕೆ ಹುಟ್ಟಿ ಉತ್ತರದ ಪಂಡಿತರ ಕೈ ಸೇರಿತು. ಒಂದೇ ಭಕ್ತಿಯಿಂದ ಹುಟ್ಟಿದ ಎರಡು ಕೊಡುಗೆಗಳಲ್ಲಿ ಕಲ್ಲಿನದು ಬೆಟ್ಟದ ಮೇಲೆ ನಿಂತಿತು, ಮಾತಿನದು ನಾಡನ್ನು ದಾಟಿ ನಡೆಯಿತು. ಆರೂವರೆ ಶತಮಾನಗಳ ಬಳಿಕ ಅದು ಆಗ್ರಾದ ಒಬ್ಬ ದಾರಿತಪ್ಪಿದ ವ್ಯಾಪಾರಿಯನ್ನು ಮನೆಗೆ ಕರೆತಂದಿತು.

ಬನಾರಸೀದಾಸರ ಬದುಕು ಸುಖದ್ದಾಗಿರಲಿಲ್ಲ. ಮೂರು ವಿವಾಹಗಳಾದವು, ಏಳು ಗಂಡು, ಎರಡು ಹೆಣ್ಣು ಮಕ್ಕಳು ಹುಟ್ಟಿ ಒಂಬತ್ತೂ ತೀರಿಕೊಂಡವು. ಗ್ರಂಥದ ಕೊನೆಯಲ್ಲಿ ಅವರು ತಮ್ಮ ಗುಣಗಳನ್ನೂ ದೋಷಗಳನ್ನೂ ಜಮಾ ಖರ್ಚಿನ ಪುಟದಂತೆ ಎದುರುಬದುರಾಗಿ ಬರೆದು, ತಮ್ಮನ್ನು ಮಧ್ಯಮ ಪುರುಷರ ಸಾಲಿನಲ್ಲಿ ಸೇರಿಸಿಕೊಂಡರು. ಅರ್ಧ ಕಥೆಯ ಉಳಿದರ್ಧ ಬರೆಯಲು ಅವರಿಗೆ ಆಯುಷ್ಯವಿರಲಿಲ್ಲ. ಗ್ರಂಥ ಮುಗಿದ ಎರಡು ಮೂರು ವರ್ಷಗಳಲ್ಲೇ ದೇಹತ್ಯಾಗ ಮಾಡಿದರು. ಆಗಲೂ ಮಿತ್ರಮಂಡಳಿ ಅವರನ್ನು ಮರೆಯಲಿಲ್ಲ. ಆಗ್ರಾದ ಜಗಜೀವನರು ಅವರ ಬಿಡಿ ರಚನೆಗಳನ್ನು ಕೂಡಿಸಿ 1644ರಲ್ಲಿ ‘ಬನಾರಸೀ ವಿಲಾಸ’ವೆಂದು ಸಂಕಲಿಸಿದರು.

ಯಾತ್ರಿಕರು ಮತ್ತು ಟ್ರಸ್ಟುಗಳು ಮಾಡಬಹುದಾದದ್ದು

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದು. ಸಾಧರ್ಮಿಗಳನ್ನು ಕಂಡಾಗ ಹಸು ಕರುವನ್ನು ಕಂಡಂತೆ ಪ್ರೀತಿ ಉಕ್ಕಬೇಕೆಂದು ಹಿರಿಯರು ಉಪಮಾನ ಕೊಡುತ್ತಾರೆ. ಆದರೆ ಇಂದಿನ ಯಾತ್ರೆಯಲ್ಲಿ ಸಾಧರ್ಮಿಗಳನ್ನು ಕಾಣುವ ಅವಕಾಶವಾದರೂ ಎಲ್ಲಿದೆ? ಧರ್ಮಶಾಲೆಯ ಕೋಣೆ, ಬಸ್ಸಿನ ಆಸನ, ದೇವಾಲಯದ ಸರದಿ, ಇವುಗಳ ನಡುವೆ ಊರಿನವರೊಡನೆ ಒಂದು ಮಾತಿಗೂ ಬಿಡುವಿಲ್ಲ. ಬನಾರಸೀದಾಸರ ಕಾಲದಲ್ಲಿ ಪ್ರಯಾಣ ಅಪಾಯಕರವಾಗಿತ್ತು, ನಿಧಾನವಾಗಿತ್ತು. ಆದರೆ ಪ್ರತಿ ಊರಿನಲ್ಲೂ ಇಳಿಯಲು ಒಂದು ಮನೆ, ಕೇಳಲು ಒಬ್ಬ ಪರಿಚಿತ ಇರುತ್ತಿದ್ದನು. ಈಗ ದಾರಿ ಸುಗಮವಾಗಿದೆ, ಪರಿಚಯ ಕಡಿದುಹೋಗಿದೆ.

ಇದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಯಾತ್ರೆಯನ್ನು ಏರ್ಪಡಿಸುವ ಬಸದಿಯ ಟ್ರಸ್ಟುಗಳು ಆಗ್ರಾದ ಜಿನಮಂದಿರಗಳ ವ್ಯವಸ್ಥಾಪಕರಿಗೆ ಮುಂಚಿತವಾಗಿ ಒಂದು ಪತ್ರ ಬರೆಯಬಹುದು. ಬೆಳಿಗ್ಗೆ ತಾಜಮಹಲನ್ನು ನೋಡಿದವರು ಮಧ್ಯಾಹ್ನ ಹಳೆಯ ಊರಿನ ಮೋತೀ ಕಟರಾಕ್ಕೂ, ಚಿಂತಾಮಣಿ ಪಾರ್ಶ್ವನಾಥ ಮಂದಿರವಿರುವ ರೋಶನ್ ಮೊಹಲ್ಲಾಕ್ಕೂ ನಡೆದು ಹೋಗಬಹುದು. ಇವು ಜನ ಬಾಳುವ ಓಣಿಗಳು, ಪ್ರದರ್ಶನಕ್ಕೆ ಇಟ್ಟ ಸ್ಥಳಗಳಲ್ಲ. ಗುಂಪುಗುಂಪಾಗಿ ನುಗ್ಗದೆ, ಅಲ್ಲಿನ ಶ್ರಾವಕರೊಬ್ಬರನ್ನು ಮುಂದಿಟ್ಟುಕೊಂಡು ಹೋಗುವುದು ಮರ್ಯಾದೆ. ಸಂಜೆ ಅಲ್ಲಿನವರೊಡನೆ ಕುಳಿತು ಗೊಮ್ಮಟಸಾರದ ನಾಲ್ಕು ಗಾಥೆಗಳನ್ನಾದರೂ ಓದಿದರೆ, ರೂಪಚಂದ ಪಾಂಡೆಯವರ ವ್ಯಾಖ್ಯಾನ ನಡೆದ ಊರಿನಲ್ಲಿ ಆ ಗ್ರಂಥದ ತವರಿನವರು ಅದನ್ನು ಮತ್ತೆ ಓದಿದಂತಾಗುತ್ತದೆ. ಇನ್ನೊಂದು ದಿನ ಬಿಡುವಿದ್ದವರು ಬಟೇಶ್ವರದ ಬಳಿಯ ಶೌರೀಪುರಕ್ಕೆ, ನೇಮಿನಾಥ ತೀರ್ಥಂಕರರ ಜನ್ಮಕ್ಷೇತ್ರಕ್ಕೆ ಹೋಗಿ ಬರಬಹುದು. ಮಥುರೆಯ ವಸ್ತುಸಂಗ್ರಹಾಲಯದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಜಿನಮೂರ್ತಿಗಳನ್ನು ಕಾಣಬಹುದು.

ಈ ಮಾತು ಒಂದು ಕಡೆಗೆ ಮಾತ್ರ ಅನ್ವಯಿಸುವುದಲ್ಲ. ಉತ್ತರದಿಂದ ಶ್ರವಣಬೆಳಗೊಳಕ್ಕೆ ಬರುವ ಕುಟುಂಬಗಳೂ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಇಳಿದು, ಭಾವಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತವೆ. ಎದುರಿನ ಚಂದ್ರಗಿರಿಯ ಶಾಸನಗಳು, ಅಕ್ಕನ ಬಸದಿ, ಮಠದ ಗೋಡೆಯ ವರ್ಣಚಿತ್ರಗಳು, ಹತ್ತಿರದ ಜಿನನಾಥಪುರದ ಶಾಂತಿನಾಥ ಬಸದಿ ಅವರ ಕಣ್ಣಿಗೆ ಬೀಳುವುದಿಲ್ಲ. ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿಯನ್ನು ನೋಡಿದವರೆಲ್ಲರೂ, ಗೊಮ್ಮಟಸಾರಕ್ಕೆ ಆಧಾರವಾದ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಗುರುಬಸದಿಗೆ ಹೋಗುವುದಿಲ್ಲ. ಅವರಿಗೆ ಇದನ್ನೆಲ್ಲ ತೋರಿಸುವವರು ಯಾರು? ಆ ಊರುಗಳಲ್ಲಿ ಮನೆಮಾಡಿರುವ ಜೈನ ಕುಟುಂಬಗಳೇ ತೋರಿಸಬೇಕು. ಅತಿಥಿಗೆ ಊಟ ಬಡಿಸುವುದು ಹೇಗೆ ಕರ್ತವ್ಯವೋ, ಬಂದವರ ಜೊತೆಗೆ ಎರಡು ಗಂಟೆ ನಡೆದು ಊರನ್ನು ಪರಿಚಯಿಸುವುದೂ ಹಾಗೆಯೇ ಕರ್ತವ್ಯವೆಂದು ಭಾವಿಸಬೇಕು.

ಪ್ರತಿ ಬಸದಿಯ ಟ್ರಸ್ಟು ತನ್ನ ಊರಿನಲ್ಲಿ ಇಂತಹ ನಾಲ್ಕು ಮನೆಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಮುಂದಿನ ಯಾತ್ರೆ ಹೊರಡುವ ಮುನ್ನ ಆಗ್ರಾದಲ್ಲಿ, ಮಥುರೆಯಲ್ಲಿ, ಜಯಪುರದಲ್ಲಿ ಅಂತಹವೇ ನಾಲ್ಕು ಮನೆಗಳನ್ನು ಪತ್ರಮುಖೇನ ವಿಚಾರಿಸಿಕೊಳ್ಳಲಿ. ಕಚೋರಿಯವನು ಪರಿಚಯದ ಬಲದ ಮೇಲೆಯೇ ಆರೇಳು ತಿಂಗಳು ಸಾಲ ಕೊಟ್ಟನು. ಆ ಪರಿಚಯವಾದರೋ ಸಂಜೆ ಒಂದೆಡೆ ಕುಳಿತು ಕಾವ್ಯ ಕೇಳಿದ್ದರಿಂದ ಬಂದದ್ದು. ಯಾತ್ರೆಯಲ್ಲಿ ಅಂತಹ ಒಂದು ಸಂಜೆಗೆ ಸ್ಥಳ ಮಾಡಿಕೊಡುವುದು ಟ್ರಸ್ಟುಗಳ ಕೈಯಲ್ಲಿದೆ.